ಶನಿವಾರ ಹೊಲಿಯದ ಟೈಲರಮ್ಮ

ಸೇಲಂನ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಹುಡುಗಿ ತಲೆ ಎತ್ತದೆ ಪೇಷಂಟ್ ಹೆಸರು ಕೇಳಿದಳು. ನಾನು “ಮಂಜುಳಾ” ಅಂದೆ. ಅವಳು ಪೆನ್ನನ್ನು ನನ್ನ ಗಂಡನ ಕಡೆ ತೋರಿಸಿದಳು.

“ಅಮ್ಮಾ, ಉಂಗ ಪೇರು ಇಲ್ಲೆ. ಅವರ್ ಪೇರು ಸೊಲ್ಲುಂಗ.”

ನನ್ನ ಹೆಸರು ಬೇಡವಂತೆ, ಅವರ ಹೆಸರು ಬೇಕಂತೆ.

“ಕುಡಿಯೋದು ನಾನು ಕಣಮ್ಮಾ,” ಅಂದೆ. “ಅವ್ರು ಸುಮ್ನೆ ಜೊತೆಗ್ ಬಂದವ್ರೆ.”

ಬೆಂಚುಗಳ ಮೇಲೆ ಕೂತಿದ್ದವರೆಲ್ಲ ಒಟ್ಟಿಗೆ ತಿರುಗಿದರು. ಗಂಡಂದಿರನ್ನು ಎಳೆದುಕೊಂಡು ಬಂದ ಹೆಂಡತಿಯರು, ಮಗನನ್ನು ಹಿಡಿದುಕೊಂಡು ಬಂದ ತಾಯಂದಿರು. ನನ್ನ ಪಕ್ಕದಲ್ಲಿದ್ದ ಹೆಂಗಸು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಆಚೆ ಸರಿದಳು. ನನ್ನ ಗಂಡ ಮಾದೇಶ ತಲೆಯ ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ಅಷ್ಟು ಗಮನದಿಂದ ಫ್ಯಾನ್ ನೋಡಿದ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ.

ನೀವು ನನ್ನ ಪೇಜಿಗೆ ಬರುವುದು ಬ್ಲೌಸಿನ ಕುತ್ತಿಗೆ ಡಿಸೈನ್ ನೋಡಲು, ಇಲ್ಲವೇ ನಾನು ಯಾರನ್ನಾದರೂ ಬೈಯುವುದನ್ನು ಕೇಳಲು. ಇವತ್ತು ಬೇರೆ ವಿಷಯ. ಒಬ್ಬ ತಂಗಿ ಇನ್‌ಬಾಕ್ಸಿಗೆ ಬಂದು, “ಅಕ್ಕಾ, ನಾನೂ ಕುಡೀತೀನಿ, ಮನೇಲಿ ಯಾರ್ಗೂ ಗೊತ್ತಿಲ್ಲ, ನಿಂಗೆ ಎಂಗ್ ಬಿಡ್ತು?” ಅಂತ ಕೇಳಿದ್ದಾಳೆ. ವಾಯ್ಸ್ ಮೆಸೇಜ್ ಕಳಿಸೋಣ ಅಂತ ಕೂತೆ. ಮಾತು ಉದ್ದವಾಯಿತು, ಕೊನೆಗೆ ಅಳಿಸಿಹಾಕಿದೆ. ಅವಳಂಥವರು ಇನ್ನೂ ಇದ್ದೀರಿ ಅಂತ ನನಗೆ ಗೊತ್ತು, ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಾಚಿಕೆಯಿಂದ ಬರೆಯುತ್ತಿಲ್ಲ. ಬಿಟ್ಟಿದ್ದೇನೆ, ಅದಕ್ಕೆ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಪೆನ್ನಾಗರಂ ಪಕ್ಕ, ಮದುವೆಯಾಗಿ ಬಂದದ್ದು ಕಾರಿಮಂಗಲಕ್ಕೆ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಗರ್ಭಕೋಶ ತೆಗೆಸಿದ ಮೇಲೆ ನನಗೆ ಸೊಂಟನೋವು ಹಿಡಿಯಿತು, ನಿದ್ದೆ ಹೋಯಿತು. ಮಾದೇಶ ಲಾರಿ ಓಡಿಸುವವನು. ಅವನು ಭಾನುವಾರ ಒಂದು ಕ್ವಾರ್ಟರ್ ತಂದು ಅರ್ಧ ಕುಡಿದು ಮಿಕ್ಕಿದ್ದನ್ನು ಬೀರುವಿನಲ್ಲಿ ಇಡುತ್ತಿದ್ದ. ಆ ಬ್ರಾಂದಿಯನ್ನು ಒಂದು ಮುಚ್ಚಳ ಬಿಸಿನೀರಿಗೆ ಹಾಕಿ ಕುಡಿದೆ. ನೋವು ಹೋಯಿತು. ಅಷ್ಟೇ ಅಲ್ಲ, ಹೊಲಿಗೆ ಸರಾಗವಾಗಿ ಓಡಿತು. ಭಾನುವಾರದ ಮುಹೂರ್ತಗಳಿಗೆ ಶನಿವಾರ ರಾಶಿ ಬ್ಲೌಸು ಬಿದ್ದಿರುತ್ತಿತ್ತು. ಒಂದೊಂದು ಗುಟುಕಿಗೆ ಒಂದೊಂದು ತೋಳು ಕೂರಿಸುತ್ತಾ ಹೋಗುತ್ತಿದ್ದೆ. ಆಮೇಲಾಮೇಲೆ ಗುಟುಕು ಇಲ್ಲದೆ ಸೂಜಿಗೆ ದಾರವೇ ಹೋಗುತ್ತಿರಲಿಲ್ಲ. ಕೈ ಅಷ್ಟು ನಡುಗುತ್ತಿತ್ತು. ಬಾಯಿಯ ವಾಸನೆಗೆ ಲವಂಗ ಅಗಿಯುತ್ತಿದ್ದೆ. ಊರಿಗೆ ಗೊತ್ತಾಗಲಿಲ್ಲ. ಮಗಳಿಗೆ ಗೊತ್ತಾಯಿತು.

ಮಗಳು ನಿತ್ಯಾಳನ್ನು ಸೇಲಂಗೆ ಕೊಟ್ಟಿದ್ದೇವೆ. ಅವಳು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಮೂಗು ಬಲು ಚುರುಕು. ಬಸುರಿ ಅಂತ ಹೇಳಲು ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದಿದ್ದಳು. ನಾನು ಅಪ್ಪಿಕೊಂಡೆ. ಅವಳು ನನ್ನ ಭುಜ ಹಿಡಿದು ದೂರ ನಿಲ್ಲಿಸಿದಳು.

“ಮ್ಮಾ, ಲವಂಗ ಅಗಿದ್ರೆ ಗೊತ್ತಾಗಲ್ಲ ಅನ್ಕಂಡಿದ್ಯಾ?”

“ಏನ್ ಗೊತ್ತಾಗೋದು? ಅಲ್ಲು ನೋವು ಕಣೇ.”

“ಅಲ್ಲು ನೋವಿಗೆ ಕೈ ನಡುಗ್ತೈತಾ? ಕೇಳಿಸ್ಕ. ಏಳ್ನೇ ತಿಂಗ್ಳು ಬಳೆ ತೊಡಿಸಿದ್ ಮೇಲೆ ನಾನು ಇಲ್ಲಿಗ್ ಬರಲ್ಲ. ಅತ್ತೆ ಮನೇಲೇ ಎರ್ತೀನಿ. ನನ್ ಮಗೂನ ಈ ಕೈಗೆ ಕೊಡಲ್ಲ.”

ನಮ್ಮ ಕಡೆಯವರಿಗೆ ಇದರ ತೂಕ ಗೊತ್ತು. ಏಳನೇ ತಿಂಗಳಲ್ಲಿ ಬಸುರಿಯ ಕೈತುಂಬ ಬಳೆ ತೊಡಿಸಿ, ಅವತ್ತೇ ಕಾರು ಹತ್ತಿಸಿ ತವರಿಗೆ ಕರೆದುಕೊಂಡು ಬರುತ್ತಾರೆ. ಮೊದಲ ಹೆರಿಗೆ, ಬಾಣಂತನ ತಾಯಿಯದು. ತಾಯಿ ಬದುಕಿದ್ದೂ ಮಗಳು ಅತ್ತೆ ಮನೆಯಲ್ಲಿ ಹೆತ್ತರೆ ಊರು ಕಾರಣ ಕೇಳುತ್ತದೆ. ಊರು ಹಾಳಾಗಿ ಹೋಗಲಿ. ಆ ಮಗುವಿಗೆ ಮೊದಲ ಎಣ್ಣೆ ಹಚ್ಚುವ ಕೈ ನನ್ನದಾಗಬೇಕಿತ್ತು. ಆ ಸಂಜೆ ನಾನೇ ಮಾದೇಶನಿಗೆ, “ನನ್ನ ಡಾಕ್ಟ್ರ ಅತ್ರ ಕರ್ಕೊಂಡ್ ಓಗು” ಅಂದೆ.

ಡಾಕ್ಟರು ಮೊದಲು ಹೇಳಿದ್ದು, “ಮನೆಯಲ್ಲಿ ನೀವೇ ದಿಢೀರ್ ಅಂತ ನಿಲ್ಲಿಸದೆ ಇಲ್ಲಿಗೆ ಬಂದಿರಿ, ಅದೇ ಬುದ್ಧಿ.” ತಂಗಿ, ಇದನ್ನು ನೀನೂ ಕೇಳಿಸಿಕೋ. ಕುಡಿತ ನಿಂತ ಮೊದಲ ದಿನಗಳಲ್ಲಿ ನಾನು ವಾರ್ಡಿನಲ್ಲಿ ಮಲಗಿ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತಿದ್ದೆ. ಹೆಚ್ಚು ವಿವರಿಸುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ: ಬ್ಯಾಗ್ ಎಳೆದುಕೊಂಡು ಸರಿದಿದ್ದ ಆ ಹೆಂಗಸಿನ ಗಂಡ ಪಕ್ಕದ ವಾರ್ಡಿನಲ್ಲಿದ್ದ. ಅವಳು ದಿನಾ ಬೆಳಗ್ಗೆ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ಏನೂ ಮಾತಾಡದೆ, ನನ್ನ ಕೂದಲು ಬಾಚಿ ಜಡೆ ಹಾಕಿ ಹೋಗುತ್ತಿದ್ದಳು. ಅವಳ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.

ಇತ್ತ ಮಾದೇಶ ಊರಲ್ಲಿ “ಅವ್ಳಿಗೆ ಕಾಮಾಲೆ” ಅಂತ ಹೇಳಿಬಿಟ್ಟಿದ್ದ. ಊರಿನವರು ಒಳ್ಳೆಯವರು. ಮನೆಗೊಬ್ಬರು ಕಾಮಾಲೆಗೆ ಮದ್ದು ಅಂತ ನೆಲನೆಲ್ಲಿ ಸೊಪ್ಪು ಅರೆದು ತಂದುಕೊಟ್ಟರು. ಎಸೆಯಲು ಧೈರ್ಯ ಸಾಲದೆ ಅವನೇ ಕುಡಿದನಂತೆ. ನಮ್ಮ ಬೀದಿಯಲ್ಲಿ ಅತ್ಯಂತ ಶುದ್ಧವಾದ ಲಿವರ್ ಇವತ್ತಿಗೆ ನನ್ನ ಗಂಡನದು.

ಮೈ ಸುಧಾರಿಸಿದ ಮೇಲೆ ಡಾಕ್ಟರು, “ಇನ್ನು ತಲೆಗೆ ವೈದ್ಯ ಆಗಬೇಕು” ಅಂತ ಏರ್ಕಾಡಿಗೆ ಕಳಿಸಿದರು. ಅಲ್ಲಿ ಹೆಂಗಸರಿಗೇ ಅಂತ ಒಂದು ಸಣ್ಣ ಮನೆ. ಹೆಸರು ಹಾಕುವುದಿಲ್ಲ, ಅಲ್ಲಿರುವವರ ಮಾನ ನನ್ನ ಕೈಯಲ್ಲಿದೆ. ಘಾಟ್ ರಸ್ತೆಯ ತಿರುವಿಗೊಂದು ಸಲ ವಾಂತಿ ಮಾಡಿಕೊಂಡು ಬಸ್ಸಿನಿಂದ ಇಳಿದ ನನ್ನನ್ನು ಗೇಟಿನಲ್ಲಿ ನಿಂತು ಕರೆದುಕೊಂಡವರು ಹನ್ನಾ ಆಂಟಿ. ಕತ್ತರಿಸಿದ ಬಿಳಿಕೂದಲು, ಕಾಟನ್ ಸೀರೆ, ಕಾಲಿಗೆ ಗಂಡಸರ ಸ್ಲಿಪ್ಪರ್. ಹಿಂದೆ ನರ್ಸ್ ಆಗಿದ್ದರು. ಗಂಡ ಎಸ್ಟೇಟಿನಲ್ಲಿ ಮ್ಯಾನೇಜರ್ ಆಗಿದ್ದು ತೀರಿಕೊಂಡರು. ಈಗ ಇಲ್ಲಿ ಕೌನ್ಸಿಲರ್. ಬಾಂಬೆಯ ಕಡೆಯವರಾದ ಆಯಮ್ಮ ಮಾತಾಡುವುದು ಒಂದು ವಿಚಿತ್ರ ತಮಿಳು. ನಾನು ಅದನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ಅವರ ಕೋಣೆಯ ಬಾಗಿಲ ಚೌಕಟ್ಟಿಗೆ ಬೆರಳುದ್ದದ ಬೆಳ್ಳಿ ಡಬ್ಬಿಯೊಂದನ್ನು ಓರೆಯಾಗಿ ಮೊಳೆ ಹೊಡೆದು ಕೂರಿಸಿದ್ದರು. ಒಳಗೆ ಹೋಗುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತು ಕೊಟ್ಟರು.

“ಇದೇನು ಆಂಟಿ, ಕರೆಂಟ್ ಸ್ವಿಚ್ಚಾ?”

“ದೇವರ ಮಾತು ಬರೆದಿಟ್ಟಿದೆ ಒಳಗೆ.”

“ಯಾವ ದೇವ್ರು?”

“ಇರೋ ಒಬ್ಬನೇ. ನಾವು ಯೆಹೂದಿಗಳು ಕಣಮ್ಮ.”

ಆ ಹೆಸರು ನಾನು ಕೇಳಿಯೇ ಇರಲಿಲ್ಲ. ಫೋನಿನಲ್ಲಿ ಮಾದೇಶನಿಗೆ ಹೇಳಿದೆ. ಅವನಿಗೆ ಗಾಬರಿ. “ಎಸ್ರು ಹನ್ನಾನಾ? ಲೇ ಮಂಜು, ಉಷಾರು ಕಣೇ. ಕುಡ್ತ ಬಿಡಿಸ್ತೀವಿ ಅಂತ ಮತಕ್ಕೆ ಸೇರಿಸ್ಕಂಡ್ಬಿಡ್ತಾರೆ.” ಸ್ಪೀಕರಿನಲ್ಲಿ ಅದನ್ನು ಕೇಳಿಸಿಕೊಂಡ ಹನ್ನಾ ಆಂಟಿ ಕುರ್ಚಿ ಅಲ್ಲಾಡುವಷ್ಟು ನಕ್ಕರು.

“ನಿಮ್ಮ ಯಜಮಾನರಿಗೆ ಹೇಳು, ಸೇರ್ತೀನಿ ಅಂತ ನೀನೇ ಬಾಗಿಲು ತಟ್ಟಿದ್ರೂ ನಮ್ಮವರು ಮೂರು ಸಲ ವಾಪಸ್ ಕಳಿಸ್ತಾರೆ. ನಾವಿರೋದೇ ಹಿಡಿಯಷ್ಟು ಜನ, ಆದ್ರೂ ಸೇರಿಸ್ಕೊಳ್ಳಲ್ಲ. ಅಷ್ಟು ಜಂಬ ನಮಗೆ.”

ಮೊದಲ ಶುಕ್ರವಾರ ಸಂಜೆ, “ಬೇಕಿದ್ದವರು ಬಂದು ಕೂರಿ” ಅಂತ ಆಯಮ್ಮ ಎಲ್ಲರನ್ನೂ ವರಾಂಡಕ್ಕೆ ಕರೆದರು. ಎರಡು ಗಾಜಿನ ಲೋಟದಲ್ಲಿ ನೀರು, ಮೇಲೆ ಕೊಬ್ಬರಿಎಣ್ಣೆ, ಬತ್ತಿ. ನಮ್ಮ ಮನೆಯ ದೀಪದಂತೆಯೇ ಇತ್ತು, ನನಗೆ ಸಮಾಧಾನವಾಯಿತು. ದೀಪ ಹಚ್ಚಿ, ಬೆಳಕನ್ನು ಎರಡೂ ಕೈಯಲ್ಲಿ ಬರಸೆಳೆದುಕೊಂಡು, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಆಮೇಲೆ ಬೆಳ್ಳಿ ಬಟ್ಟಲನ್ನು ಎತ್ತಿದರು. ಅದರಲ್ಲಿ ಕಡುಗೆಂಪಾದ ಏನೋ ಇತ್ತು. ಒಂದು ಗುಟುಕು ಕುಡಿದು ಪಕ್ಕದವಳಿಗೆ ಕೊಟ್ಟರು.

ನನ್ನ ಕಸ್ಟಮರ್ ಒಬ್ಬಳು ಅವರ ಚರ್ಚಿನಲ್ಲಿ ವೈನ್ ಕೊಡುವುದನ್ನು ಹೇಳಿದ್ದಳು. ಇದೂ ಅದೇ ಅಂತ ತೀರ್ಮಾನಿಸಿಬಿಟ್ಟೆ.

“ಏನಮ್ಮಾ ನೀನು!” ಅಂತ ಎದ್ದು ನಿಂತೆ. “ನಾವು ಕುಡ್ತ ಬಿಡೋಕ್ ಬಂದ್ರೆ ಸಾಮಿ ಎಸ್ರಲ್ಲಿ ಕುಡಿಯೋದು ಕಲಿಸ್ತೀಯಾ? ಇದ್ಕೆ ಬ್ರಾಂದಿ ಅಂಗ್ಡೀನೇ ವಾಸಿ. ಅಲ್ಲಿ ಪೂಜೆ ಮಾಡಲ್ಲ!”

ಬ್ಯಾಗಿಗೆ ಬಟ್ಟೆ ತುರುಕಿಕೊಂಡು ಗೇಟಿಗೆ ಬಂದೆ. ಕೊನೆಯ ಬಸ್ಸು ಹೋಗಿಯಾಗಿತ್ತು. ಗೇಟಿನ ಒಳಗಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತದ್ದು ಕೋಪಕ್ಕಲ್ಲ ಅಂತ ಈಗ ಹೇಳಬಲ್ಲೆ. ಆ ಬಟ್ಟಲು ನನ್ನ ಸರದಿಗೆ ಬಂದಿದ್ದರೆ ಪೂರ್ತಿ ಕುಡಿಯುತ್ತಿದ್ದೆ. ಅದು ನನಗೆ ಗೊತ್ತಿತ್ತು.

ಹನ್ನಾ ಆಂಟಿ ನಿಧಾನವಾಗಿ ಬಂದು ಪಕ್ಕದಲ್ಲಿ ಕೂತರು. ಕೈಯಲ್ಲಿ ಅದೇ ಬಟ್ಟಲು.

“ಮೂಸು.”

“ಬೇಡ.”

“ನಿನ್ನ ಮೂಗನ್ನ ನಂಬ್ತೀಯಲ್ಲ? ಮೂಸು.”

ಮೂಸಿದೆ. ಪಾಯಸಕ್ಕೆ ಹಾಕುವ ಒಣದ್ರಾಕ್ಷಿಯ ವಾಸನೆ. ಬೇರೇನೂ ಇಲ್ಲ.

“ಕಪ್ಪು ಒಣದ್ರಾಕ್ಷಿ ನೆನೆಹಾಕಿ ಕಿವುಚಿ ಸೋಸಿದ್ದು. ನಮ್ಮವರು ಕೊಂಕಣದ ಹಳ್ಳಿಗಳಲ್ಲಿದ್ದಾಗ ದ್ರಾಕ್ಷಾರಸ ಎಲ್ಲಿ ಸಿಗಬೇಕು? ಅದಕ್ಕೆ ಈ ಶರಬತ್ತು. ಬೇರೆ ದೇಶದ ಯೆಹೂದಿಗಳು ವೈನ್ ಇಟ್ಟು ಮಾಡೋದನ್ನ ನಮ್ಮಜ್ಜಿ ಇದರಲ್ಲೇ ಮಾಡ್ತಿದ್ಲು.” ಬಟ್ಟಲನ್ನು ಮೆಟ್ಟಿಲ ಮೇಲೆ ಇಟ್ಟು ಹೇಳಿದರು, “ನಾನೂ ಕುಡೀತಿದ್ದೆ ಮಂಜುಳಾ. ಎಸ್ಟೇಟ್ ಕ್ಲಬ್ಬಿನಲ್ಲಿ ಶುರುವಾಗಿದ್ದು, ಆಮೇಲೆ ಅಡುಗೆಮನೆಯಲ್ಲಿ, ಆಮೇಲೆ ಬಚ್ಚಲಲ್ಲಿ. ಬಿಟ್ಟಾಗ, ಇನ್ನು ಶುಕ್ರವಾರಾನೂ ಬಿಡಬೇಕಲ್ಲಪ್ಪಾ ಅಂತ ಅಳ್ತಿದ್ದೆ. ಆಗ ಅಜ್ಜಿಯ ಶರಬತ್ತು ನೆನಪಾಯ್ತು. ನಾನು ಹುಟ್ಟೋಕೆ ಮುಂಚೇನೇ ಆ ಮುದುಕಿ ನನಗೆ ಔಷಧಿ ಮಾಡಿಟ್ಟಿದ್ಲು.”

ನಾನು ಬ್ಯಾಗು ಎತ್ತಿಕೊಂಡು ಒಳಗೆ ಹೋದೆ. ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ, ಆಯಮ್ಮನೂ ಎದುರು ನೋಡಲಿಲ್ಲ. ಊಟಕ್ಕೆ ಕೂತಾಗ ಆ ಶರಬತ್ತನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಮರುದಿನ ಶನಿವಾರ. ನನ್ನ ಲಂಗದ ಅಂಚು ಬಿಟ್ಟುಹೋಗಿತ್ತು, ಸೂಜಿ ಕೇಳಿದೆ. ಸೂಜಿಯ ಡಬ್ಬಿ ಆಂಟಿಯ ಕೋಣೆಯಲ್ಲೇ ಇರುವುದು.

“ಇವತ್ತು ನಾನು ಹೊಲಿಯಲ್ಲ,” ಅಂದರು. “ನಿನ್ನೆ ಸೂರ್ಯ ಮುಳುಗಿದಾಗಿಂದ ಇವತ್ತು ಸಂಜೆ ನಕ್ಷತ್ರ ಕಾಣೋವರೆಗೆ ನಮಗೆ ಕೆಲಸ ಇಲ್ಲ. ಎರಡು ಹೊಲಿಗೆ ಹಾಕೋದನ್ನೂ ಕೆಲಸ ಅಂತಲೇ ಎಣಿಸಿದ್ದಾರೆ ನಮ್ಮ ಹಿರಿಯರು.”

ದೇವರು ಟೈಲರ್‌ಗಳ ಹೆಸರು ಹಿಡಿದು ಹೇಳಿದಂತಾಯಿತು. “ಎರ್ಡು ಒಲಿಗೆಗೂ ಲೆಕ್ಕವಾ? ಒಳ್ಳೇ ಕಂಜೂಸ್ ದೇವ್ರು!”

“ನೀನು ನಮ್ಮವಳಲ್ಲ, ನಿನಗೆ ಆ ಕಟ್ಟು ಇಲ್ಲ. ಡಬ್ಬಿ ಅಲ್ಲಿದೆ, ತಗೋ. ಆದ್ರೆ ಒಂದು ಹೇಳು. ನೀನು ತುಂಬ ಕುಡೀತಿದ್ದದ್ದು ಯಾವತ್ತು?”

“ಶನಿವಾರ. ಭಾನುವಾರ ಮದ್ವೆ ಇರ್ತಾವಲ್ಲ.”

“ಕುಡೀದೆ ಹೊಲಿಯೋಕಾಗಲ್ಲ ಅಂತೀಯ. ಹೊಲೀದೆ ಇರೋಕೆ?”

ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

“ನಮ್ಮ ಹಿರಿಯರು ಒಂದು ಕಾಲಕ್ಕೆ ಗುಲಾಮರು,” ಅಂದರು ಆಂಟಿ. “ಗುಲಾಮನಿಗೆ ರಜೆ ಇಲ್ಲ. ಬಿಡುಗಡೆ ಮಾಡಿಸಿದ ದೇವರು ಮೊದಲು ಕೊಟ್ಟಿದ್ದರಲ್ಲಿ ಈ ರಜೆಯೂ ಒಂದು. ವಾರಕ್ಕೊಂದು ದಿನ ಕೈಕಟ್ಟಿ ಕೂತು, ನಾನೀಗ ಯಾರ ಆಳೂ ಅಲ್ಲ ಅಂತ ಹೇಳ್ಕೊಳ್ಳೋದು. ನನ್ನ ಪಾಲಿಗೆ ಬಾಟಲಿ ಒಬ್ಬ ಯಜಮಾನ. ಅವನು ಯಾವತ್ತಾದ್ರೂ ರಜೆ ಕೊಟ್ಟಿದ್ದಾನಾ?”

ಆಂಟಿಯ ಮುತ್ತಜ್ಜಂದಿರು ಕೊಂಕಣದ ಊರಲ್ಲಿ ಎಣ್ಣೆಗಾಣ ಆಡಿಸುತ್ತಿದ್ದರಂತೆ. ಶನಿವಾರ ಗಾಣ ನಿಲ್ಲಿಸುತ್ತಿದ್ದುದಕ್ಕೆ ಊರವರು ಇಟ್ಟ ಹೆಸರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು. ಯೆಹೂದಿಗಳು ಅಂದರೆ ಏನು ಅಂತ ಊರಿಗೆ ಗೊತ್ತಿರಲಿಲ್ಲ, ನಿಂತ ಗಾಣ ಮಾತ್ರ ಕಾಣುತ್ತಿತ್ತು.

ಸೂಜಿ ತೆಗೆದುಕೊಳ್ಳಲಿಲ್ಲ. ಅಂಚು ಬಿಟ್ಟ ಲಂಗದಲ್ಲೇ ಆ ದಿನ ಕಳೆದೆ. ಸುಲಭವಾಗಿತ್ತು ಅಂದುಕೊಳ್ಳಬೇಡಿ. ಕೈಗಳು ಮಡಿಲಲ್ಲಿ ಮೀನಿನಂತೆ ಒದ್ದಾಡುತ್ತಿದ್ದವು. ಕಾಲು ಸುಮ್ಮನೆ ನೆಲದ ಮೇಲೆ ಪೆಡಲ್ ತುಳಿಯುತ್ತಿತ್ತು. ಎಲ್ಲರ ಮೇಲೂ ರೇಗಿದೆ. ಸಂಜೆ, ನನ್ನ ಅತಿ ಕೆಟ್ಟ ಗಳಿಗೆಯಲ್ಲಿ, ಆಂಟಿ ನಮ್ಮನ್ನು ಅಂಗಳಕ್ಕೆ ಕರೆದು ಆಕಾಶ ನೋಡಿ ಅಂದರು. ಸಿಲ್ವರ್ ಓಕ್ ಮರಗಳ ಮೇಲೆ ನಕ್ಷತ್ರ ಕಂಡ ಮೇಲೆ ಹೆಣೆದ ಮೇಣದಬತ್ತಿ ಹಚ್ಚಿ, ಒಂದು ಸಣ್ಣ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿದರು. ಒಳಗೆ ಏರ್ಕಾಡಿನ ಏಲಕ್ಕಿ, ಲವಂಗ.

“ರಜೆ ಮುಗೀತು ಅಂತ ಜೀವಕ್ಕೆ ಬೇಜಾರಾಗುತ್ತೆ. ಈ ವಾಸನೆ ಅದರ ಸಮಾಧಾನಕ್ಕೆ.”

ಬಚ್ಚಿಡಲು ಅಗಿಯುತ್ತಿದ್ದ ಲವಂಗವನ್ನು ನಾನು ಅವತ್ತು ಎಲ್ಲರ ಮುಂದೆ ಎದೆತುಂಬ ಮೂಸಿದೆ. ಆ ಸಂಜೆ ದಾಟಿತು. ಮುಂದಿನ ವಾರದ್ದೂ ದಾಟಿತು.

ಹೊರಡುವ ದಿನ ಆಂಟಿ ಒಂದು ತಟ್ಟೆ ತಂದಿಟ್ಟರು. ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಮೇಲೆ ಹಣ್ಣಿನ ಹೋಳು. ಅವರ ಜನ ಕಾಯಿಲೆ ವಾಸಿಯಾದಾಗ ಎಲಿಯಾಹು ಪ್ರವಾದಿಯ ಹೆಸರಲ್ಲಿ ಇದನ್ನು ಮಾಡಿ ಹಂಚುತ್ತಾರೆ, ‘ಮಲಿದಾ’ ಅನ್ನುತ್ತಾರೆ.

“ಹಂಗಾದ್ರೆ ನಂಗೆ ವಾಸಿ ಆಯ್ತಾ ಆಂಟಿ?”

“ಇವತ್ತಿಗೆ ಆಗಿದೆ. ತಿನ್ನು.”

ಕಾರಿಮಂಗಲಕ್ಕೆ ಬಂದು ಬೋರ್ಡ್ ಬರೆಸಿ ಹಾಕಿದೆ: ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಹೊಲಿಗೆ ಇಲ್ಲ. ಬೀದಿಯಲ್ಲಿ ಗಲಾಟೆಯೇ ಆಯಿತು. “ಶನಿವಾರ ಒಲಿಯಲ್ಲ ಅಂದ್ರೆ ನೀನ್ ಎಂಥಾ ಟೈಲರ್ರೇ? ಅನ್ನ ಇಕ್ಕಲ್ಲ ಅನ್ನೋ ಓಟ್ಲಾ?” ಅಂತ ಒಬ್ಬಳು ಬಟ್ಟೆ ವಾಪಸ್ ತೆಗೆದುಕೊಂಡು ಹೋದಳು. ಹೋಗಲಿ ಬಿಡಿ, ಅವಳ ಅಳತೆ ಪ್ರತಿ ಸಲ ಬದಲಾಗುತ್ತಿತ್ತು, ತಪ್ಪು ಮಾತ್ರ ನನ್ನದೇ. ಮಿಕ್ಕವರು ಗುರುವಾರವೇ ತಂದುಕೊಡಲು ಕಲಿತರು. ‘ಶನಿವಾರ ಟೈಲರಮ್ಮ’ ಅಂತ ನನಗೆ ಹೆಸರಾಯಿತು. ಆಂಟಿಗೆ ಫೋನ್ ಮಾಡಿ ಹೇಳಿದಾಗ, “ನಮ್ಮ ಜಾತಿಗೆ ಸೇರಿಸಲ್ಲ ಅಂದಿದ್ದೆ, ಊರವರೇ ಸೇರಿಸಿಬಿಟ್ರಲ್ಲ” ಅಂದರು.

ನಾನು ಯಾವ ಮತಕ್ಕೂ ಸೇರಲಿಲ್ಲ. ಶುಕ್ರವಾರ ನನ್ನ ಮಾದಪ್ಪನ ಪಟದ ಮುಂದೆಯೇ ಎರಡು ದೀಪ ಹಚ್ಚುತ್ತೇನೆ. ಮಾದೇಶ ಬಟ್ಟೆ ಹೊದಿಸಿ ಮೆಷಿನ್ ಮುಚ್ಚುತ್ತಾನೆ. ಅವನ ಭಾನುವಾರದ ಕ್ವಾರ್ಟರ್ ಯಾವಾಗ ನಿಂತಿತು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಶನಿವಾರ ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತು ಜಗಳವಾಡುತ್ತೇವೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಪುರುಸೊತ್ತಿನಲ್ಲಿ ಜಗಳವಾಡಿದ್ದು ಇದೇ ಮೊದಲು.

ನಿತ್ಯಾ ಮಾತ್ರ ನಂಬಲಿಲ್ಲ. ಫೋನ್ ಮಾಡಿದರೆ ಸಾಲದು, ವೀಡಿಯೊ ಕಾಲ್ ಮಾಡಿ “ಕೈ ಚಾಚು” ಅನ್ನುತ್ತಿದ್ದಳು. ಚಾಚುತ್ತಿದ್ದೆ. ನೋಡಿ, “ಸರಿ” ಅಂತ ಕಟ್ ಮಾಡುತ್ತಿದ್ದಳು. ಹೆರಿಗೆ ಎಲ್ಲಿ ಅನ್ನುವ ಮಾತು ಅವಳೂ ಎತ್ತಲಿಲ್ಲ, ಕೇಳಲು ನನಗೂ ಬಾಯಿ ಬರಲಿಲ್ಲ.

ಏಳನೇ ತಿಂಗಳು ಬಂತು. ಬಳೆ ಶಾಸ್ತ್ರ ಭಾನುವಾರ ಬೆಳಗ್ಗೆ, ಸೇಲಂನಲ್ಲಿ, ಬೀಗರ ಮನೆಯಲ್ಲಿ. ಶುಕ್ರವಾರ ಸಂಜೆ ದೀಪ ಹಚ್ಚಿ ಕಣ್ಣು ಬಿಡುವ ಹೊತ್ತಿಗೆ ಸೇಲಂನಿಂದ ಬಂದ ಕಾರೊಂದು ಮನೆ ಮುಂದೆ ನಿಂತಿತು. ಬೀಗಿತ್ತಿ ಸರೋಜಮ್ಮ ತಮ್ಮ ರೇಷ್ಮೆ ಬ್ಲೌಸು ಕಳಿಸಿದ್ದರು. ಸೇಲಂನ ಟೈಲರ್ ಒಂದು ತೋಳು ಕೆಡಿಸಿದ್ದನಂತೆ. ಹಿಂದೆಯೇ ನಿತ್ಯಾಳ ಫೋನ್.

“ಮ್ಮಾ, ನಾಳೆ ಮಧ್ಯಾನದೊಳ್ಗೆ ತೋಳು ಬಿಚ್ಚಿ ಒಲ್ದು ಕಳ್ಸು.”

“ನಾಳೆ ಆಗಲ್ಲ ನಿತ್ಯಾ. ಶನಿವಾರ ಒಲಿಯಲ್ಲ ನಾನು.”

“ಇದು ಕಸ್ಟಮರ್ದಲ್ಲಮ್ಮಾ, ನಮ್ಮತ್ತೇದು! ನನ್ ಮಾನ ತೆಗೀಬೇಡ.”

“ನಾಳೆ ನಕ್ಷತ್ರ ಕಂಡ್ಮೇಲೆ ಒಲೀತೀನಿ. ಭಾನುವಾರ ಬೆಳಿಗ್ಗೆ ನಾನೇ ತತ್ತೀನಿ.”

“ಒಂದ್ ತೋಳು ಕಣಮ್ಮಾ. ಒಂದೇ ಒಂದು ತೋಳು!”

“ಒಂದೇ ಗುಟ್ಕು ಅಂತಾನೇ ನಂಗೂ ಶುರುವಾಗಿದ್ದು.”

ಅವಳು ಫೋನ್ ಕಟ್ ಮಾಡಿದಳು.

ಆ ಶನಿವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಮುಚ್ಚಿದ ಮೆಷಿನ್ ಪಕ್ಕದಲ್ಲಿ ಆ ಬ್ಲೌಸು. ಒಂದು ತೋಳಿಗೋಸ್ಕರ ಮಗಳನ್ನು ಕಳೆದುಕೊಳ್ಳುತ್ತಿದ್ದೇನಾ? ಮಾದೇಶ ಕೂಡ, “ಏನೇ ಇದು, ಅವ್ರ ದೇವ್ರಿಗೆ ಏನ್ ತಿಳಿಯುತ್ತೆ ನಮ್ ಬೀಗರ ವಿಷ್ಯ? ಒಲ್ದಾಕು” ಅಂದ. ಹನ್ನಾ ಆಂಟಿಯೇ ಎದುರಿದ್ದರೂ, “ನಿನಗೆ ಕಟ್ಟಿಲ್ಲ, ಹೊಲಿ” ಅಂದಿರುತ್ತಿದ್ದರೋ ಏನೋ. ಕಟ್ಟು ಹಾಕಿಕೊಂಡವಳು ನಾನೇ. ಶನಿವಾರ ಅವಸರಕ್ಕೆ ಮೆಷಿನ್ ತೆಗೆದರೆ, ಅವಸರದ ಹಿಂದೆ ಏನು ಬರುತ್ತದೆ ಅಂತ ನನ್ನ ಮೈಗೆ ಗೊತ್ತು.

ಸಂಜೆ ಟೆರೇಸಿಗೆ ಹೋಗಿ ನಿಂತೆ. ಮೋಡ ಬೇರೆ. ಕೊನೆಗೆ ಬೆಟ್ಟದ ಕಡೆ ನಕ್ಷತ್ರ ಕಂಡವು. ಲವಂಗ ಮೂಸಿ, ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ಮೆಷಿನ್ ತೆಗೆದೆ. ಊಟದ ಹೊತ್ತಿಗೆ ತೋಳು ಕೂತಿತ್ತು. ಜರಿಯ ಅಂಚು ಒಂದಕ್ಕೊಂದು ಸೇರಿದ್ದನ್ನು ಮಾದೇಶ ಬೆಳಕಿಗೆ ಹಿಡಿದು ನೋಡಿ, “ಮೆಷಿನ್ನೇ ಕೆಲ್ಸ ಮಾಡೈತೆ” ಅಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನಾನು ಕುಡಿದು ಹೊಲಿದ ಯಾವ ಬ್ಲೌಸೂ ಅಷ್ಟು ಚೆನ್ನಾಗಿರಲಿಲ್ಲ.

ಭಾನುವಾರ ಬಾಗಿಲಲ್ಲೇ ಸರೋಜಮ್ಮ ಶುರು ಮಾಡಿದರು.

“ಬನ್ನಿ ಬನ್ನಿ ಮಂಜುಳಮ್ಮ. ನಮ್ ಬ್ಲೌಸ್‌ಗೆ ನಕ್ಷತ್ರ ನೋಡಿ ಮುಹೂರ್ತ ಇಟ್ರಂತೆ?”

“ತೊಟ್ಕೊಂಡ್ ಬನ್ನಿ ಅಕ್ಕಾ, ಆಮೇಲೆ ಬೈಯಿರಿ.”

ಅವರು ತೊಟ್ಟುಕೊಂಡು ಬಂದರು. ಮತ್ತೆ ಬೈಯಲಿಲ್ಲ.

ಮನೆ ತುಂಬ ಹೆಂಗಸರು. ನಿತ್ಯಾ ಹಸಿರು ಸೀರೆಯಲ್ಲಿ ಕೂತಿದ್ದಳು. ಒಬ್ಬೊಬ್ಬರಾಗಿ ಅರಿಶಿನ ಹಚ್ಚಿ ಬಳೆ ತೊಡಿಸಿದರು. ನನ್ನ ಸರದಿ ಬಂತು. ಗಾಜಿನ ಬಳೆ ಒಂದೂ ಒಡೆಯದಂತೆ, ಒಂದೂ ಗಲಗಲ ಅನ್ನದಂತೆ ಏರಿಸಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಬಗ್ಗಿ ಅಪ್ಪಿಕೊಂಡೆ. ಅವಳು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು.

“ಮ್ಮಾ... ಲವಂಗ.”

ಸೆರಗು! ರಾತ್ರಿ ಲವಂಗ ಕಟ್ಟಿಕೊಂಡಿದ್ದ ಅದೇ ಸೀರೆಯನ್ನು ಅವಸರದಲ್ಲಿ ಮತ್ತೆ ಉಟ್ಟುಕೊಂಡು ಬಂದಿದ್ದೆ. ಅವಳ ಕಣ್ಣು ತುಂಬಿದ್ದವು. ಅದು ಕೋಪವಲ್ಲ, ಸೋತ ಮುಖ. ಆ ಮುಖ ನೋಡಿದ ಮೇಲೆ ನನಗೆ ಮಾನ, ಮರ್ಯಾದೆ, ಬೀಗರು ಯಾವುದೂ ಕಾಣಲಿಲ್ಲ.

“ಊದ್ತೀನಿ, ಮೂಸು,” ಅಂದೆ. ಜೋರಾಗಿಯೇ ಅಂದೆ.

“ಮ್ಮಾ, ಎಲ್ರೂ ನೋಡ್ತಾವ್ರೆ.”

“ನೋಡ್ಲಿ ಬಿಡು. ಪೊಲೀಸ್ರ ಮುಂದೆ ಡ್ರೈವರ್‌ಗಳು ಊದಲ್ವಾ? ನಾನು ನನ್ ಮಗಳ್ ಮುಂದೆ ಊದ್ತೀನಿ.”

ಬಾಯಿ ತೆರೆದು ಅವಳ ಮುಖಕ್ಕೇ ಹಾ ಅಂತ ಊದಿದೆ. ಲ್ಯಾಬಿನವಳಲ್ಲವೇ, ನಿತ್ಯಾ ನನ್ನ ಗಲ್ಲ ಹಿಡಿದುಕೊಂಡು, ಹಾಲು ಕೆಟ್ಟಿದೆಯಾ ಅಂತ ನೋಡುವವಳಂತೆ ಮೂಸಿದಳು. ಇನ್ನೊಂದು ಸಲ ಮೂಸಿದಳು.

“ಇಡ್ಲಿ,” ಅಂದಳು. “ಪುದೀನಾ ಚಟ್ನಿ.”

ಸೆರಗಿನ ಗಂಟು ಬಿಚ್ಚಿ ಲವಂಗ ಅವಳ ಅಂಗೈಗೆ ಹಾಕಿದೆ. ಆಮೇಲೆ ಅಲ್ಲಿದ್ದವರ ಕಡೆ ತಿರುಗಿದೆ. ಅವರೂ ಕೇಳಲಿ ಅನ್ನಿಸಿತು.

“ನಂಗೆ ಬಂದಿದ್ದು ಕಾಮಾಲೆ ಅಲ್ಲ. ಕುಡ್ತ. ಆಸ್ಪತ್ರೇಲಿದ್ದೆ, ಏರ್ಕಾಡಲ್ಲಿದ್ದೆ, ಬಿಟ್ಟೆ. ಒಬ್ರು ಯೆಹೂದಿ ಆಂಟಿ ದೀಪ ಹಚ್ಚಿ ರಜೆ ಕೂರೋದು ಕಲಿಸಿದ್ರು. ಅದ್ಕೇ ಶನಿವಾರ ಒಲಿಯಲ್ಲ. ಸಾರಿ ಅಕ್ಕಾ, ನಿಮ್ ಬ್ಲೌಸ್ ಲೇಟಾಗಿದ್ದು ಅದ್ಕೆ.”

ಬಾಗಿಲ ಹತ್ತಿರ ನಿಂತಿದ್ದ ಮಾದೇಶ ಮತ್ತೆ ಫ್ಯಾನ್ ಹುಡುಕುತ್ತಾನೆ ಅಂದುಕೊಂಡೆ. ಇಲ್ಲ. ಎಲ್ಲರನ್ನೂ ನೋಡಿಕೊಂಡೇ ನಿಂತಿದ್ದ.

ಸರೋಜಮ್ಮ ತಮ್ಮ ತೋಳಿನ ಜರಿ ಸವರಿಕೊಳ್ಳುತ್ತಾ, “ನನ್ ತಮ್ಮ ಇದ್ರಲ್ಲೇ ತೀರ್ಕಂಡ,” ಅಂದರು. “ನಾವು ಎಲ್ರಿಗೂ ಆರ್ಟ್ ಅಟ್ಯಾಕ್ ಅಂತ ಹೇಳ್ದೋ.”

ನಿತ್ಯಾ ಕೈತುಂಬ ಬಳೆಯ ಸದ್ದು ಮಾಡುತ್ತಾ ಎದ್ದಳು. ಕಣ್ಣು ಒರೆಸಿಕೊಂಡು ಅತ್ತೆಯನ್ನು ಕೇಳಿದಳು, “ಅತ್ತೆ, ನನ್ ಬ್ಯಾಗ್ ಎಲ್ಲಿಟ್ರಿ? ಅಮ್ಮನ್ ಜೊತೆ ಓಗ್ತೀನಿ.”

“ಬ್ಯಾಗ್ ತುಂಬೇ ಇಲ್ವಲ್ಲೇ!”

“ಹಂಗಾದ್ರೆ ಆಮೇಲ್ ಕಳ್ಸಿ,” ಅಂದವಳು ಸೀದಾ ಹೋಗಿ ಕಾರಿನಲ್ಲಿ ಕೂತಳು. ಪಕ್ಕದಲ್ಲಿ ನಾನು ಕೂತೆ. ಧರ್ಮಪುರಿ ದಾಟುವವರೆಗೂ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಪರೀಕ್ಷೆ ಮಾಡುತ್ತಿದ್ದಳೋ, ಪ್ರೀತಿಯೋ, ನಾನು ಕೇಳಲಿಲ್ಲ. ಎರಡೂ ಇದ್ದರೆ ಇರಲಿ.

ತಂಗಿ, ನೀನು ಶನಿವಾರ ಹೊಲಿಗೆ ನಿಲ್ಲಿಸಬೇಕು ಅಂತ ನಾನು ಹೇಳುತ್ತಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗು. ಆಮೇಲೆ ನಿನ್ನ ಕುಡಿತ ಯಾವುದರ ಬೆನ್ನಿಗೆ ಕೂತು ಬರುತ್ತದೆ ನೋಡು. ಅದಕ್ಕೆ ರಜೆ ಕೊಡು. ನನಗೆ ದಾರಿ ತೋರಿಸಿದ್ದು ನಾನು ಹೆಸರೇ ಕೇಳಿರದ ಒಂದು ಜನದ ದೇವರು. ನಿನಗೆ ಯಾರು ತೋರಿಸುತ್ತಾರೋ, ಅವರ ಹತ್ತಿರ ಕೂರು.

ಮೊಮ್ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬಾಣಂತಿ ಕೋಣೆಗೆ ಹೊಗೆ ಹಾಕಿ, ಕಾಲು ನೀಡಿ ಕೂತು, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಒರೆಸಿ ಬಟ್ಟೆ ಸುತ್ತುವಾಗ ನಿತ್ಯಾ ಮಂಚದ ಮೇಲಿಂದ ನೋಡುತ್ತಿದ್ದಳು. ಏನಾದರೂ ಹೇಳುತ್ತಾಳೆ, ಕೈ ಜೋಪಾನ ಅನ್ನುತ್ತಾಳೆ ಅಂತ ಕಾದೆ.

“ನಂಗೆ ನಿದ್ದೆ ಬತ್ತೈತೆ,” ಅಂದಳು. “ನೀನ್ ನೋಡ್ಕ.”

ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಡುವೆ ಒಂದು ಸಲವಾದರೂ ತಿರುಗಿ ನೋಡುತ್ತಾಳಾ ಅಂತ ನಾನು ಮಗುವನ್ನು ಎದೆಗೆ ಒತ್ತಿಕೊಂಡು ಕೂತೇ ಇದ್ದೆ. ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯತೊಡಗಿದಳು.